ನೆಕ್ಕರ್ ನದಿ ದಡದಲ್ಲಿ ಅಲ್ಲಾಮಾ ಇಕ್ಬಾಲರ ಒಂದು ಬೇಸಿಗೆ

ಅಲ್ಲಾಮಾ ಇಕ್ಬಾಲ್ ಅಂದ ಕೂಡಲೇ ನಮ್ಮ ಮನೆಗಳಲ್ಲಿ ನೆನಪಾಗುವುದು ಆಗಸ್ಟ್ 15ರಂದು ಶಾಲೆಯ ಮಕ್ಕಳೆಲ್ಲ ಹಾಡುವ ಆ ಹಾಡು. ಇನ್ನೊಂದು, ಉರ್ದು ಬಲ್ಲ ಉಸ್ತಾದರು ವಅಳಿನ ನಡುವೆ ರಾಗವಾಗಿ ಹೇಳುವ ಅವರ ಪದ್ಯಗಳು. ಚಿತ್ರ ಅಂತ ಬಂದರೆ ಗಲ್ಲಕ್ಕೆ ಕೈ ಕೊಟ್ಟು ಏನನ್ನೋ ಯೋಚಿಸುತ್ತಾ ಕೂತ, ದಪ್ಪ ಮೀಸೆಯ ಗಂಭೀರ ಮನುಷ್ಯ. ಅವರೂ ಒಂದು ಕಾಲಕ್ಕೆ ಪರವೂರಲ್ಲಿ ಬಾಡಿಗೆ ಕೋಣೆಯಲ್ಲಿದ್ದ ವಿದ್ಯಾರ್ಥಿ, ಹೊಸ ಭಾಷೆಯ ವ್ಯಾಕರಣ ತಪ್ಪಿ ಟೀಚರಿಂದ ತಿದ್ದಿಸಿಕೊಂಡವರು, ಊರಿನ ಕಾಗದಕ್ಕೆ ಕಾದವರು ಅಂತ ನಮಗೆ ಹೊಳೆಯುವುದು ಕಡಿಮೆ. ಇವತ್ತು ಹೇಳಹೊರಟಿರುವುದು ಆ ವಿದ್ಯಾರ್ಥಿಯ ಕಥೆ. ಅದರಲ್ಲೂ ಮುಖ್ಯವಾಗಿ 1907ರ ಬೇಸಿಗೆಯಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಎಂಬ ಊರಲ್ಲಿ ಅವರು ಕಳೆದ ಕೆಲವು ತಿಂಗಳ ಕಥೆ.

ಇಕ್ಬಾಲ್ ಹುಟ್ಟಿದ್ದು 1877ರ ನವೆಂಬರ್ 9ರಂದು, ಪಂಜಾಬಿನ ಸಿಯಾಲ್‌ಕೋಟ್‌ನಲ್ಲಿ. ತಂದೆ ಶೇಖ್ ನೂರ್ ಮುಹಮ್ಮದ್ ಹೊಲಿಗೆ ಕೆಲಸದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆದರೆ ದೀನಿನ ವಿಷಯದಲ್ಲಿ ಬಹಳ ಆಳದ ಮನುಷ್ಯ. ತಾಯಿ ಇಮಾಮ್ ಬೀಬಿ. ಊರಿನ ಸ್ಕಾಚ್ ಮಿಷನ್ ಶಾಲೆಯಲ್ಲಿ ಮೀರ್ ಹಸನ್ ಎಂಬ ಮೌಲವಿ ಅರಬಿ, ಫಾರ್ಸಿ ಕಲಿಸುತ್ತಿದ್ದರು. ಹುಡುಗನೊಳಗೆ ಕವಿ ಇದ್ದಾನೆ ಅಂತ ಗುರುತಿಸಿದ್ದು ಅವರೇ. ಮುಂದೆ ಬ್ರಿಟಿಷ್ ಸರಕಾರ ಇಕ್ಬಾಲರಿಗೆ ಸರ್ ಪದವಿ ಕೊಡಲು ಬಂದಾಗ, ಮೊದಲು ನನ್ನ ಉಸ್ತಾದರಿಗೆ ಗೌರವ ಸಲ್ಲಬೇಕು ಅಂತ ಅವರು ಹಟ ಹಿಡಿದರಂತೆ. ಅವರು ಯಾವ ಪುಸ್ತಕ ಬರೆದಿದ್ದಾರೆ ಅಂತ ಕೇಳಿದ್ದಕ್ಕೆ, ನಾನೇ ಅವರ ಪುಸ್ತಕ ಅಂದರು ಎಂಬ ಕಥೆ ಪ್ರಸಿದ್ಧ. ಮೀರ್ ಹಸನರಿಗೆ ಶಂಸುಲ್ ಉಲಮಾ ಬಿರುದು ಬಂತು. ಕಲಿಸಿದವರ ಬಗ್ಗೆ ಇಕ್ಬಾಲರ ಮನಸ್ಸು ಹೇಗಿತ್ತು ಅಂತ ತಿಳಿಯಲು ಇದನ್ನು ಹೇಳಿದೆ. ಮುಂದಿನ ಕಥೆಗೂ ಇದು ಬೇಕಾಗ್ತದೆ.

ಲಾಹೋರಿನ ಗವರ್ನಮೆಂಟ್ ಕಾಲೇಜಿನಲ್ಲಿ ಓದಿ 1899ರಲ್ಲಿ ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದರು. ಅಲ್ಲಿ ಅವರಿಗೆ ಸಿಕ್ಕ ಇನ್ನೊಬ್ಬ ದೊಡ್ಡ ಗುರು ಥಾಮಸ್ ಅರ್ನಾಲ್ಡ್. ಅರ್ನಾಲ್ಡ್ 1904ರಲ್ಲಿ ಕೆಲಸ ಬಿಟ್ಟು ಇಂಗ್ಲೆಂಡಿಗೆ ಮರಳಿದಾಗ ಇಕ್ಬಾಲ್ ಆ ಅಗಲಿಕೆಯ ಮೇಲೆ ಒಂದು ಪದ್ಯವನ್ನೇ ಬರೆದರು. ಅಷ್ಟು ಹೊತ್ತಿಗೆ ಇಕ್ಬಾಲ್ ಲಾಹೋರಿನಲ್ಲಿ ಕಾಲೇಜು ಮೇಷ್ಟ್ರು, ಮುಷಾಯಿರಾಗಳಲ್ಲಿ ಹೆಸರು ಮಾಡಿದ ಕವಿ. ಶಾಲೆಗಳಲ್ಲಿ ಹಾಡುವ ಆ ತರಾನಾ ಬರೆದದ್ದೂ ಇದೇ ದಿನಗಳಲ್ಲಿ. ಮದುವೆಯಾಗಿತ್ತು, ಮಗಳು ಮಿಅರಾಜ್, ಮಗ ಆಫ್ತಾಬ್ ಹುಟ್ಟಿದ್ದರು. ಆದರೆ ಪತ್ನಿ ಕರೀಮ್ ಬೀಬಿಯ ಜತೆ ಸಂಸಾರ ಸರಿ ಹೋಗಲಿಲ್ಲ. ಹಿರಿಯರು ಚಿಕ್ಕ ಪ್ರಾಯದಲ್ಲಿ ಮಾಡಿಸಿದ ಮದುವೆ, ಎರಡೂ ಕಡೆ ಮನಸ್ಸು ಕೂಡಲಿಲ್ಲ. ಇದನ್ನು ಮುಚ್ಚಿಟ್ಟು ಅವರ ಕಥೆ ಹೇಳಿದರೆ ಅರ್ಧ ಕಥೆ ಹೇಳಿದ ಹಾಗೆ.

ಯುರೋಪಿಗೆ ಹೋಗಿ ಓದಬೇಕು ಅಂತ ಆಸೆ ಇತ್ತು. ದುಡ್ಡು? ದುಡ್ಡು ಕೊಟ್ಟದ್ದು ಅಣ್ಣ. ಶೇಖ್ ಅತಾ ಮುಹಮ್ಮದ್ ಮಿಲಿಟರಿ ಕಾಮಗಾರಿ ಇಲಾಖೆಯಲ್ಲಿ ಇಂಜಿನಿಯರ್ ಕೆಲಸದಲ್ಲಿದ್ದರು. ತಮ್ಮನ ಮೂರು ವರ್ಷದ ವಿದೇಶದ ಓದಿನ ಭಾರ ಅವರ ಹೆಗಲ ಮೇಲೆ ಬಿತ್ತು. ಅಣ್ಣ ಗಲ್ಫಿನಲ್ಲಿ ಬೆವರು ಸುರಿಸಿ ತಮ್ಮನನ್ನು ಡಾಕ್ಟರ್, ಇಂಜಿನಿಯರ್ ಮಾಡಿದ ಮನೆಗಳು ನಮ್ಮ ಕರಾವಳಿಯಲ್ಲಿ ಎಷ್ಟಿಲ್ಲ? ಆ ದುಡ್ಡಿನ ಭಾರ ಎಂಥದ್ದು ಅಂತ ಅಂಥ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಓದುವವನು ಒಂದು ದಿನ ಸುಮ್ಮನೆ ಕೂತರೂ ಅಣ್ಣನ ಮುಖ ನೆನಪಾಗ್ತದೆ.

1905ರಲ್ಲಿ ಹೊರಟರು. ದಾರಿಯಲ್ಲಿ ದೆಹಲಿಯಲ್ಲಿ ಇಳಿದು ಹಝ್ರತ್ ನಿಝಾಮುದ್ದೀನ್ ಔಲಿಯಾರ ದರ್ಗಾದಲ್ಲಿ ಝಿಯಾರತ್ ಮಾಡಿ, ಪ್ರಯಾಣಿಕನ ಮೊರೆಯ ರೂಪದ ಒಂದು ಪದ್ಯವನ್ನು ಅಲ್ಲಿ ಅರ್ಪಿಸಿದರು. ಬೊಂಬಾಯಿಯಿಂದ ಹಡಗು. ಏಡನ್, ಸೂಯೆಝ್ ದಾಟಿ ಫ್ರಾನ್ಸಿನ ಮಾರ್ಸೇಲ್ಸ್, ಅಲ್ಲಿಂದ ಇಂಗ್ಲೆಂಡ್. ಸೆಪ್ಟೆಂಬರ್ ಕೊನೆಗೆ ಅವರು ಅಲ್ಲಿದ್ದರು. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರಿದರು. ತತ್ವಶಾಸ್ತ್ರದ ದೊಡ್ಡ ಹೆಸರು ಮೆಕ್‌ಟ್ಯಾಗರ್ಟ್ ಅಲ್ಲಿ ಅವರ ಅಧ್ಯಾಪಕರು. ಜತೆಗೆ ಲಂಡನ್ನಿನ ಲಿಂಕನ್ಸ್ ಇನ್‌ನಲ್ಲಿ ಬ್ಯಾರಿಸ್ಟರ್ ಓದು. ಕವಿತೆ ಹೊಟ್ಟೆ ತುಂಬಿಸುವುದಿಲ್ಲ, ವಕಾಲತ್ತು ತುಂಬಿಸ್ತದೆ ಅಂತ ಅವರಿಗೆ ಗೊತ್ತಿತ್ತು.

ಕೇಂಬ್ರಿಜ್‌ನಲ್ಲಿ ಓದಿದವರು ಡಾಕ್ಟರ್ ಪದವಿಗೆ ಜರ್ಮನಿಗೆ ಯಾಕೆ ಹೋದರು ಅಂತ ಕೆಲವರು ಕೇಳುವುದುಂಟು. ಕಾರಣ ಸರಳ. ಆ ಕಾಲಕ್ಕೆ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಎಂಬ ಪದವಿಯೇ ಇರಲಿಲ್ಲ. ಅದು ಅಲ್ಲಿಗೆ ಬಂದದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ. ಇಕ್ಬಾಲ್ ಸಂಶೋಧನಾ ಪ್ರಬಂಧ ಬರೆದರೂ ಸಿಕ್ಕಿದ್ದು ಬಿ.ಎ. ಪದವಿ. ಡಾಕ್ಟರ್ ಆಗಬೇಕಾದರೆ ಜರ್ಮನಿಯೇ ದಾರಿ. ಇಂಗ್ಲಿಷರು, ಅಮೆರಿಕನರು ಕೂಡ ಆಗ ಇದೇ ಉದ್ದೇಶಕ್ಕೆ ಅಲ್ಲಿಗೆ ಹೋಗುತ್ತಿದ್ದರು. ಇಕ್ಬಾಲರ ಪ್ರಬಂಧದ ವಿಷಯ ಇರಾನಿನಲ್ಲಿ ತತ್ವಚಿಂತನೆ ಬೆಳೆದು ಬಂದ ಬಗೆ. ಝರತುಷ್ಟ್ರನಿಂದ ಶುರುವಾಗಿ ಇಬ್ನ್ ಸೀನಾ, ಸುಹ್ರವರ್ದಿಯವರನ್ನು ದಾಟಿ ಹತ್ತೊಂಬತ್ತನೇ ಶತಮಾನದ ತನಕ ಬರುವ ದೊಡ್ಡ ಹರವು. ಮ್ಯೂನಿಕ್ ವಿಶ್ವವಿದ್ಯಾನಿಲಯ ಅವರಿಗೆ ಎರಡು ರಿಯಾಯಿತಿ ಕೊಟ್ಟಿತು: ಅಲ್ಲೇ ಇದ್ದು ಓದಬೇಕೆಂಬ ನಿಯಮ ಸಡಿಲಿಸಿತು, ಪ್ರಬಂಧ ಇಂಗ್ಲಿಷಿನಲ್ಲಿ ಇರಲಿ ಅಂದಿತು. ಆದರೂ ಜರ್ಮನಿಯಲ್ಲಿ ಪದವಿ ಪಡೆಯುವವನಿಗೆ ಜರ್ಮನ್ ಬಾರದಿದ್ದರೆ ಆದೀತೇ? ಹಾಗೆ 1907ರ ಜುಲೈಯಲ್ಲಿ ಭಾಷೆ ಕಲಿಯಲು ಹೈಡೆಲ್‌ಬರ್ಗಿಗೆ ಬಂದರು. ಪ್ರಾಯ ಮೂವತ್ತಕ್ಕೆ ಕೆಲವೇ ತಿಂಗಳು ಬಾಕಿ.

ಹೈಡೆಲ್‌ಬರ್ಗ್ ದೊಡ್ಡ ಶಹರ ಅಲ್ಲ. ನಡುವೆ ನೆಕ್ಕರ್ ನದಿ, ಎರಡೂ ಬದಿ ಕಾಡು ತುಂಬಿದ ಗುಡ್ಡ. ಒಂದು ಬದಿಯ ಗುಡ್ಡದ ಮೇಲೆ ಕೆಂಪು ಕಲ್ಲಿನ ಹಳೇ ಕೋಟೆ, ಅರ್ಧ ಬಿದ್ದು ಅರ್ಧ ನಿಂತದ್ದು. ಅದರ ಕೆಳಗೆ ಹಳೇ ಪೇಟೆ, ಮತ್ತೆ 1386ರಲ್ಲಿ ಶುರುವಾದ ವಿಶ್ವವಿದ್ಯಾನಿಲಯ. ಹಳೇ ಕಲ್ಲಿನ ಸೇತುವೆ ದಾಟಿದರೆ ಇನ್ನೊಂದು ಬದಿ. ಅಲ್ಲಿ ಗುಡ್ಡದ ಮಗ್ಗುಲಲ್ಲಿ ಒಂದು ಕಾಲುದಾರಿ, ಅದಕ್ಕೆ ತತ್ವಜ್ಞಾನಿಗಳ ದಾರಿ ಅಂತಲೇ ಹೆಸರು. ಅಲ್ಲಿ ನಿಂತರೆ ಕೆಳಗೆ ಹೊಳೆ, ಆಚೆ ಕೋಟೆ. ನೇತ್ರಾವತಿಯ ಬದಿಯಲ್ಲಿ ಬೆಳೆದವರಿಗೆ ಹೊಳೆಯೂ ಗುಡ್ಡವೂ ಹೊಸತಲ್ಲ. ಆದರೆ ಎರಡು ವರ್ಷ ಇಂಗ್ಲೆಂಡಿನಲ್ಲಿ ಕಳೆದು ಬಂದ ಪಂಜಾಬಿನ ಬಯಲಿನ ಮನುಷ್ಯನಿಗೆ ಆ ನೋಟ ಎದೆಗೆ ತಟ್ಟಿರಬೇಕು.

ಅವರು ಇಳಿದುಕೊಂಡದ್ದು ಹೊರದೇಶದ ವಿದ್ಯಾರ್ಥಿಗಳಿಗೆ ಊಟ, ವಸತಿ, ಪಾಠ ಮೂರೂ ಒಂದೇ ಕಡೆ ಸಿಗುವ ಒಂದು ವಸತಿಗೃಹದಲ್ಲಿ. ಅಲ್ಲಿ ಜರ್ಮನ್ ಕಲಿಸುತ್ತಿದ್ದವರು ಯುವತಿಯರು. ಇಕ್ಬಾಲರಿಗೆ ಪಾಠ ಹೇಳಿದವರಲ್ಲಿ ಒಬ್ಬರ ಹೆಸರು ಎಮ್ಮಾ ವೇಗೆನಾಸ್ಟ್. ಹತ್ತಿರದ ಹೈಲ್‌ಬ್ರಾನ್ ಊರಿನವರು, ಪ್ರಾಯದಲ್ಲಿ ಇಕ್ಬಾಲರಿಗಿಂತ ಒಂದೆರಡು ವರ್ಷ ಚಿಕ್ಕವರು.

ಆ ಬೇಸಿಗೆ ಹೇಗಿತ್ತು ಅಂತ ನಮಗೆ ತಿಳಿಯಲು ಮುಖ್ಯ ಕಾರಣ ಇನ್ನೊಬ್ಬ ಹೆಂಗಸು, ಬೊಂಬಾಯಿಯ ಅತಿಯಾ ಫೈಝಿ. ಬಹಳ ಓದಿದವರು, ಧೈರ್ಯದವರು. ಆ ವರ್ಷದ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಇಕ್ಬಾಲರ ಪರಿಚಯ ಆಗಿತ್ತು. ಆಗಸ್ಟ್‌ನಲ್ಲಿ ಅವರು ಕೆಲವರ ಜತೆ ಹೈಡೆಲ್‌ಬರ್ಗಿಗೆ ಬಂದರು. ನಾಲ್ಕು ದಶಕದ ಬಳಿಕ, 1947ರಲ್ಲಿ, ಆ ನೆನಪುಗಳನ್ನೂ ಇಕ್ಬಾಲ್ ಬರೆದ ಕಾಗದಗಳನ್ನೂ ಸೇರಿಸಿ ಪುಸ್ತಕ ಮಾಡಿದರು.

ಅತಿಯಾಗೆ ಆಶ್ಚರ್ಯ ಆದದ್ದು ಒಂದು ವಿಷಯಕ್ಕೆ. ಲಂಡನ್ನಿನಲ್ಲಿ ಅವರು ಕಂಡ ಇಕ್ಬಾಲ್ ಮಾತಿನ ಮಲ್ಲ. ಎದುರಿಗೆ ಯಾರೇ ಇರಲಿ ಚುಚ್ಚುವ ಉತ್ತರ, ತನ್ನ ಓದಿನ ಮೇಲೆ ಸ್ವಲ್ಪ ಜಂಬ. ಹೈಡೆಲ್‌ಬರ್ಗಿನಲ್ಲಿ ಕಂಡವರು ಬೇರೆಯೇ ಮನುಷ್ಯ. ಟೀಚರುಗಳ ಮುಂದೆ ಸಣ್ಣ ಹುಡುಗನ ಹಾಗೆ ಕೂತಿದ್ದಾರೆ. ಉತ್ತರ ತಪ್ಪಾದರೆ ತಿದ್ದುತ್ತಾರೆ, ಇವರು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಾರೆ. ಲಾಹೋರಿನಲ್ಲಿ ಕಾಲೇಜು ಹುಡುಗರಿಗೆ ಪಾಠ ಹೇಳಿದವರು, ಸಾವಿರ ಜನ ವಾಹ್ ವಾಹ್ ಅಂದ ಕವಿ, ಇಲ್ಲಿ ಒಂದು ಕ್ರಿಯಾಪದ ಎಲ್ಲಿ ಬರಬೇಕು ಅಂತ ತಡವರಿಸುವ ಶಿಷ್ಯ.

ಮನೆಯಲ್ಲಿ ಬ್ಯಾರಿ ಭಾಷೆ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಅಂತ ಬೆಳೆದ ನಮಗೆ ಭಾಷೆ ಕಲಿಯುವ ಕಷ್ಟ ಅಷ್ಟಾಗಿ ಗೊತ್ತಾಗುವುದಿಲ್ಲ, ಯಾಕೆಂದರೆ ಅವೆಲ್ಲ ಚಿಕ್ಕಂದಿನಲ್ಲೇ ಬಾಯಿಗೆ ಬಂದವು. ಮೂವತ್ತರ ಹತ್ತಿರ ಒಂದು ಭಾಷೆಯನ್ನು ಅಕ್ಷರದಿಂದ ಶುರು ಮಾಡಿ ನೋಡಿ. ಬುದ್ಧಿ ದೊಡ್ಡವರದ್ದು, ಬಾಯಿ ಮಗುವಿನದ್ದು. ದೊಡ್ಡ ತಲೆ ಇದ್ದಷ್ಟೂ ನಾಚಿಕೆ ಜಾಸ್ತಿ. ಇಕ್ಬಾಲ್ ಆ ನಾಚಿಕೆಯನ್ನು ಬದಿಗಿಟ್ಟರು ಅನ್ನುವುದೇ ನನಗೆ ಆ ಬೇಸಿಗೆಯಲ್ಲಿ ದೊಡ್ಡ ಸಂಗತಿ. ಮೀರ್ ಹಸನರ ಎದುರು ಕೂತ ಹಾಗೆಯೇ ಎಮ್ಮಾ ಎದುರೂ ಕೂತರು.

ಪಾಠ ಎಂದರೆ ನಾಲ್ಕು ಗೋಡೆಯ ಒಳಗಿನ ಪಾಠ ಮಾತ್ರ ಅಲ್ಲ. ಎಲ್ಲರೂ ಸೇರಿ ನಡೆಯಲು ಹೋಗುವುದು, ಹೊಳೆಯಲ್ಲಿ ದೋಣಿ, ತೋಟಗಳಲ್ಲಿ ಕಾಫಿ, ದಾರಿಯುದ್ದ ಜರ್ಮನ್‌ನಲ್ಲೇ ಮಾತು. ಮಾತಿನಲ್ಲಿ ತತ್ವಶಾಸ್ತ್ರವೂ ಬರ್ತಿತ್ತು, ನಗೆಚಾಟಿಕೆಯೂ ಇತ್ತು. ಎಮ್ಮಾ ಜತೆ ಅವರು ಗಯಟೆಯ ಫೌಸ್ಟ್ ನಾಟಕ ಓದಿದರು. ಗಯಟೆ ಎಂದರೆ ಜರ್ಮನರಿಗೆ ಅತಿ ದೊಡ್ಡ ಕವಿ. ಆತ ಮುಪ್ಪಿನಲ್ಲಿ ಫಾರ್ಸಿ ಕವಿ ಹಾಫಿಝರನ್ನು ಅನುವಾದದಲ್ಲಿ ಓದಿ ಮರುಳಾಗಿ, ಪೂರ್ವ ಪಶ್ಚಿಮ ಎರಡನ್ನೂ ಸೇರಿಸಿದ ಒಂದು ದೀವಾನ್ ಬರೆದು 1819ರಲ್ಲಿ ಪ್ರಕಟಿಸಿದ್ದ. ಹಾಫಿಝರನ್ನು ಬಾಲ್ಯದಿಂದ ಬಲ್ಲ ಇಕ್ಬಾಲರಿಗೆ, ಈ ದೂರದ ಊರಲ್ಲಿ ಒಬ್ಬ ಮಹಾಕವಿ ತಮ್ಮ ಮನೆಯ ಬಾಗಿಲು ತಟ್ಟಿದ್ದಾನೆ ಅಂತ ಗೊತ್ತಾದದ್ದು ಸಣ್ಣ ಮಾತಲ್ಲ.

ಅತಿಯಾ ಬರೆದ ಒಂದು ಘಟನೆ ವಿಚಿತ್ರವಾಗಿದೆ. ಒಂದು ಬೆಳಿಗ್ಗೆ ಎಲ್ಲರೂ ಹೊರಗೆ ಹೋಗಲು ತಯಾರಾಗಿದ್ದರು, ಇಕ್ಬಾಲ್ ಬಂದಿಲ್ಲ. ಕೋಣೆಗೆ ಹೋಗಿ ನೋಡಿದರೆ ರಾತ್ರಿ ಕೂತಲ್ಲೇ ಅಲುಗದೆ ಕೂತಿದ್ದಾರೆ. ಕರೆದರೆ ಓಗೊಡುವುದಿಲ್ಲ. ಟೀಚರುಗಳು ಹೆದರಿಬಿಟ್ಟರು. ಕೊನೆಗೆ ಅತಿಯಾ ಭುಜ ಹಿಡಿದು ಅಲ್ಲಾಡಿಸಿ ಎಚ್ಚರಿಸಬೇಕಾಯ್ತು. ಓದಿನ ಆಯಾಸವೋ, ಧ್ಯಾನವೋ, ಮನಸ್ಸಿನ ಭಾರವೋ, ಓದುವವರು ತಮಗೆ ತೋಚಿದ ಹಾಗೆ ಅರ್ಥ ಮಾಡಿಕೊಳ್ಳಲಿ. ನನಗನ್ನಿಸುವುದು ಇಷ್ಟೇ: ಹೊರಗೆ ನಗುತ್ತಾ ದೋಣಿ ಹತ್ತುತ್ತಿದ್ದ ಆ ಮನುಷ್ಯನ ಒಳಗೆ ಏನೋ ದೊಡ್ಡದು ನಡೀತಿತ್ತು.

ಏನು ನಡೀತಿತ್ತು ಅನ್ನುವುದಕ್ಕೆ ಅವರು ಅಲ್ಲೇ ಬರೆದ ಒಂದು ಪುಟ್ಟ ಉರ್ದು ಪದ್ಯ ಸ್ವಲ್ಪ ಬೆಳಕು ಕೊಡ್ತದೆ. ಹೆಸರು ಏಕ್ ಶಾಮ್, ಒಂದು ಸಂಜೆ. ಕೆಳಗೆ ಹೈಡೆಲ್‌ಬರ್ಗಿನ ನೆಕ್ಕರ್ ನದಿಯ ದಡದಲ್ಲಿ ಅಂತ ಬರೆದಿದ್ದಾರೆ. ಬೆಳದಿಂಗಳು, ಮರ, ಗುಡ್ಡ, ಹೊಳೆ ಎಲ್ಲ ಸುಮ್ಮನಾದ ಹೊತ್ತಿನ ಚಿತ್ರ ಅದು. ಕೊನೆಗೆ ಕವಿ ತನ್ನ ಹೃದಯದ ಕಡೆ ತಿರುಗಿ, ನೀನೂ ಈಗ ದುಃಖ ತಬ್ಬಿಕೊಂಡು ಸುಮ್ಮನೆ ಮಲಗು ಎಂಬ ಅರ್ಥದಲ್ಲಿ ಸಮಾಧಾನ ಮಾಡ್ತಾರೆ. ಯಾವ ದುಃಖ ಅಂತ ಹೇಳುವುದಿಲ್ಲ. ಊರಿನಲ್ಲಿ ಸರಿ ಹೋಗದ ಸಂಸಾರ, ಅಪ್ಪನಿಲ್ಲದೆ ಬೆಳೆಯುತ್ತಿರುವ ಎರಡು ಮಕ್ಕಳು, ಅಣ್ಣನ ದುಡ್ಡು, ಮುಗಿಯುತ್ತಾ ಬಂದ ಬೇಸಿಗೆ. ಯಾವುದೂ ಆಗಬಹುದು, ಎಲ್ಲವೂ ಆಗಬಹುದು. ಲಾಹೋರಿನಲ್ಲಿದ್ದಾಗ ರಾವಿ ನದಿಯ ದಡದ ಮೇಲೂ ಅವರು ಪದ್ಯ ಬರೆದಿದ್ದರು. ಹೊಳೆ ಕಂಡಲ್ಲಿ ಇಕ್ಬಾಲರ ಮನಸ್ಸು ಬಾಯಿ ಬಿಡ್ತಿತ್ತು.

ಇನ್ನೊಂದು ವಿಷಯ ಈ ಕಾಲದ್ದೇ. ಯುರೋಪಿನಲ್ಲಿದ್ದಾಗ ಇಕ್ಬಾಲ್ ಕವಿತೆ ಬರೆಯುವುದನ್ನೇ ಬಿಟ್ಟುಬಿಡುವ ಯೋಚನೆ ಮಾಡಿದ್ದರು. ಆ ಹೊತ್ತನ್ನು ಬೇರೆ ಉಪಯೋಗದ ಕೆಲಸಕ್ಕೆ ಕೊಡಬಹುದು ಅಂತ ಅವರ ಲೆಕ್ಕ. ಗೆಳೆಯ ಶೇಖ್ ಅಬ್ದುಲ್ ಖಾದಿರ್ ಒಪ್ಪಲಿಲ್ಲ. ಕೊನೆಗೆ ತೀರ್ಮಾನ ಅರ್ನಾಲ್ಡರಿಗೆ ಬಿಟ್ಟರು. ಅರ್ನಾಲ್ಡ್ ಕವಿತೆಯ ಕಡೆಗೇ ವಾಲಿದರು, ಇಕ್ಬಾಲ್ ಬರೆಯುತ್ತಾ ಹೋದರು. ಇಲ್ಲೂ ನೋಡಿ, ಗುರುವಿನ ಮಾತೇ ಕೊನೆಯ ಮಾತು. ಅರ್ನಾಲ್ಡ್ ಬೇರೆ ಥರ ಹೇಳಿದ್ದರೆ ಲಾಹೋರಿನ ವಕೀಲರ ಪಟ್ಟಿಯಲ್ಲಿ ಒಂದು ಹೆಸರು ಜಾಸ್ತಿ ಆಗ್ತಿತ್ತು, ಅಷ್ಟೇ. ಫಾರ್ಸಿಯಲ್ಲಿ ಬರೆಯುವ ಕಡೆ ಅವರ ಮನಸ್ಸು ತಿರುಗಿದ್ದು ಕೂಡ ಈ ವರ್ಷಗಳಲ್ಲೇ. ದೇಶ ದೇಶದ ಹೆಸರಿನಲ್ಲಿ ಒಬ್ಬರ ಮೇಲೊಬ್ಬರು ಕತ್ತಿ ಮಸೆಯುತ್ತಿದ್ದ ಯುರೋಪನ್ನು ಹತ್ತಿರದಿಂದ ನೋಡಿ, ಅಲ್ಲಿನ ಓದಿನ ಬಗ್ಗೆ ಗೌರವವನ್ನೂ ಅಲ್ಲಿನ ರಾಜಕೀಯದ ಬಗ್ಗೆ ಭಯವನ್ನೂ ಒಟ್ಟಿಗೇ ಕಟ್ಟಿಕೊಂಡರು. ಏಳು ವರ್ಷದಲ್ಲಿ ಆ ಭಯ ನಿಜವಾಯ್ತು.

ಅಕ್ಟೋಬರಿಗೆ ಅವರು ಮ್ಯೂನಿಕ್‌ನಲ್ಲಿದ್ದರು. 1907ರ ನವೆಂಬರ್ 4ರಂದು ಡಾಕ್ಟರ್ ಪದವಿ ಸಿಕ್ಕಿತು. ಮಾರ್ಗದರ್ಶಕರು ಪ್ರೊಫೆಸರ್ ಫ್ರಿಟ್ಝ್ ಹೊಮ್ಮೆಲ್. ಪ್ರಬಂಧ ಮರುವರ್ಷ ಲಂಡನ್ನಿನಲ್ಲಿ ಪುಸ್ತಕವಾಗಿ ಬಂತು, ಅರ್ಪಣೆ ಅರ್ನಾಲ್ಡರಿಗೆ. ಇಕ್ಬಾಲ್ ಲಂಡನ್ನಿಗೆ ಮರಳಿ, ಅರ್ನಾಲ್ಡ್ ರಜೆಯಲ್ಲಿದ್ದಾಗ ಕೆಲ ತಿಂಗಳು ಅವರ ಬದಲಿಗೆ ವಿಶ್ವವಿದ್ಯಾನಿಲಯದಲ್ಲಿ ಅರಬಿ ಪಾಠ ಮಾಡಿದರು. 1908ರ ಜುಲೈಯಲ್ಲಿ ಬ್ಯಾರಿಸ್ಟರ್ ಆದರು. ಅದೇ ತಿಂಗಳು ಊರಿಗೆ ಹಡಗು ಹತ್ತಿದರು.

ಮ್ಯೂನಿಕ್‌ಗೆ ಕಾಲಿಟ್ಟ ಕೂಡಲೇ ಎಮ್ಮಾಗೆ ಕಾಗದ ಬರೆಯಲು ಶುರು ಮಾಡಿದ್ದರು. ಮೊದಮೊದಲು ಜರ್ಮನ್‌ನಲ್ಲಿ. ಕಲಿತದ್ದು ಕೆಲವೇ ತಿಂಗಳು, ಹಾಗಾಗಿ ತಪ್ಪು ಇರ್ತಿತ್ತು, ಅದಕ್ಕೆ ಮಾಫಿಯನ್ನೂ ಕೇಳ್ತಿದ್ದರು. ಬರಬರುತ್ತಾ ಇಂಗ್ಲಿಷಿಗೆ ಇಳಿದರು. ಲಾಹೋರಿನಿಂದ ಬರೆದ ಕಾಗದಗಳಲ್ಲಿ ಜರ್ಮನಿಗೆ ಮತ್ತೊಮ್ಮೆ ಬರಬೇಕೆಂಬ ಆಸೆ ಮತ್ತೆ ಮತ್ತೆ ಬರ್ತದೆ. ಈ ಸ್ನೇಹದ ಬಗ್ಗೆ ಏನೇನೋ ಬಣ್ಣ ಹಚ್ಚಿ ಬರೆದವರಿದ್ದಾರೆ, ಇಂಥದ್ದು ಇರಲೇ ಇಲ್ಲ ಅಂತ ವಾದಿಸುವ ಅಭಿಮಾನಿಗಳೂ ಇದ್ದಾರೆ. ಕಾಗದಗಳಲ್ಲಿ ಕಾಣುವುದು ಗಾಢವಾದ ಮಮತೆ, ಅದರ ಜತೆಗೇ ಮರ್ಯಾದೆಯ ಗೆರೆ. ಅದಕ್ಕಿಂತ ಹೆಚ್ಚು ಹೇಳಲು ಯಾರಿಗೂ ಹಕ್ಕಿಲ್ಲ ಅಂತ ನನ್ನ ಅಭಿಪ್ರಾಯ. ಎಮ್ಮಾ ಬರೆದ ಕಾಗದಗಳಂತೂ ಉಳಿದಿಲ್ಲ.

ಊರಿಗೆ ಮರಳಿದ ಮೊದಲ ವರ್ಷಗಳು ಇಕ್ಬಾಲರಿಗೆ ಕಹಿಯಾಗಿದ್ದವು. ಅತಿಯಾಗೆ 1909ರಲ್ಲಿ ಬರೆದ ಕಾಗದಗಳಲ್ಲಿ ಆ ಕಹಿ ತುಂಬಿದೆ. ಮದುವೆಯ ಬಗ್ಗೆ, ಒಂಟಿತನದ ಬಗ್ಗೆ, ದೇಶ ಬಿಟ್ಟೇ ಹೋಗಿಬಿಡುವ ಯೋಚನೆಯ ಬಗ್ಗೆ. ಹಾಗಾದರೆ ಯಾಕೆ ಹೋಗಲಿಲ್ಲ? ಅಣ್ಣ. ಅಣ್ಣನ ಋಣ ಕಾಲು ಕಟ್ಟಿತ್ತು ಅಂತ ಅವರೇ ತಿಳಿಸಿದ್ದಾರೆ. ಅಲಿಗಢದಿಂದ ಅಧ್ಯಾಪಕನ ಕೆಲಸ ಬಂದರೂ ಒಲ್ಲೆ ಅಂದು ವಕಾಲತ್ತು ಹಿಡಿದರು. ಕರೀಮ್ ಬೀಬಿ ತವರಲ್ಲೇ ಉಳಿದರು, ಖರ್ಚಿಗೆ ಇಕ್ಬಾಲ್ ಕಳುಹಿಸುತ್ತಿದ್ದರು. ಮಗಳು ಮಿಅರಾಜ್ ಚಿಕ್ಕ ಪ್ರಾಯದಲ್ಲೇ ತೀರಿಕೊಂಡಳು. ಮಗ ಆಫ್ತಾಬ್ ಮತ್ತು ತಂದೆಯ ನಡುವೆ ಮನಸ್ತಾಪ ಬೆಳೆದು ಕೊನೆವರೆಗೂ ಸರಿಯಾಗಲಿಲ್ಲ. ಮುಂದಿನ ಮದುವೆಗಳಿಂದ ಮನೆಗೆ ನೆಮ್ಮದಿ ಬಂತು. ಜಾವೀದ್, ಮುನೀರಾ ಹುಟ್ಟಿದರು. ಆದರೆ ಓದಿಗೆಂದು ದೂರ ಹೋದ ಆ ಮೂರು ವರ್ಷದ ಬೆಲೆಯನ್ನು ಮೊದಲ ಮನೆ ತೆತ್ತಿತು ಅನ್ನುವುದನ್ನು ನಾವು ಮರೆಯಬಾರದು. ದೊಡ್ಡವರ ಕಥೆ ಹೇಳುವಾಗ ಮನೆಯಲ್ಲಿ ಉಳಿದವರನ್ನು ಬಿಟ್ಟುಬಿಡುವ ಅಭ್ಯಾಸ ನಮ್ಮಲ್ಲಿ ಹೆಚ್ಚು.

1914 ಬಂತು. ಯುದ್ಧ ಶುರುವಾಯ್ತು. ಇಂಗ್ಲಿಷರ ಆಳ್ವಿಕೆಯ ಲಾಹೋರಿನಿಂದ ಶತ್ರು ದೇಶ ಜರ್ಮನಿಗೆ ಕಾಗದ ಹೋಗುವ ದಾರಿ ಮುಚ್ಚಿತು. ಅದೇ ವರ್ಷ ನವೆಂಬರಿನಲ್ಲಿ ತಾಯಿ ಇಮಾಮ್ ಬೀಬಿ ತೀರಿಕೊಂಡರು. ತಾಯಿಯ ನೆನಪಿನಲ್ಲಿ ಇಕ್ಬಾಲ್ ಬರೆದ ದೀರ್ಘ ಪದ್ಯದಲ್ಲಿ ಒಂದು ಕಡೆ, ಇನ್ನು ಊರಿನಲ್ಲಿ ನನ್ನ ದಾರಿ ಕಾಯುವವರು ಯಾರು, ನನ್ನ ಕಾಗದ ಬರದಿದ್ದರೆ ಚಡಪಡಿಸುವವರು ಯಾರು ಎಂಬ ಅರ್ಥದ ಮಾತು ಬರ್ತದೆ. ಮೂರು ವರ್ಷ ಸಿಯಾಲ್‌ಕೋಟಿನ ಆ ಉಮ್ಮ ಹೇಗೆ ಕಾದಿರಬಹುದು ಅಂತ ಆ ಒಂದು ಮಾತಿನಿಂದ ತಿಳೀತದೆ. ಮಗನನ್ನು ದೂರದೇಶಕ್ಕೆ ಕಳಿಸಿದ ಯಾವ ಮನೆಯಲ್ಲಿ ಇದನ್ನು ಓದಿದರೂ ಸ್ವಲ್ಪ ಹೊತ್ತು ಮಾತು ನಿಲ್ತದೆ.

ಹೈಡೆಲ್‌ಬರ್ಗಿನಲ್ಲಿ ಕಲಿತದ್ದು ಹದಿನಾರು ವರ್ಷದ ಬಳಿಕ ಫಲ ಕೊಟ್ಟಿತು. 1923ರಲ್ಲಿ ಇಕ್ಬಾಲ್ ಪಯಾಮೆ ಮಶ್ರಿಕ್, ಅಂದರೆ ಪೂರ್ವದ ಸಂದೇಶ, ಎಂಬ ಫಾರ್ಸಿ ಕವನ ಸಂಗ್ರಹ ತಂದರು. ಅದು ಗಯಟೆಯ ದೀವಾನಿಗೆ ಕೊಟ್ಟ ಉತ್ತರ, ನೂರು ವರ್ಷ ದಾಟಿ ಹೋದ ಮರುಟಪ್ಪಾಲು. ಜರ್ಮನ್ ಕವಿಗಳ ಮೇಲೆ ಹಾಫಿಝರ ಪ್ರಭಾವ ಹೇಗಾಯ್ತು ಅಂತ ಮುನ್ನುಡಿಯಲ್ಲಿ ವಿವರಿಸಿದ್ದಾರೆ. ಮೊದಲ ಪದ್ಯದಲ್ಲೇ ಗಯಟೆಯ ಪಕ್ಕ ತಮ್ಮನ್ನು ನಿಲ್ಲಿಸಿ, ಅವನು ಹುಟ್ಟಿದ್ದು ತೋಟದಲ್ಲಿ, ನಾನು ಹುಟ್ಟಿದ್ದು ಸತ್ತ ಮಣ್ಣಿನಲ್ಲಿ ಎಂಬ ಅಳಲನ್ನೂ ತೋಡಿಕೊಂಡಿದ್ದಾರೆ. ಪಾಠ ಹೇಳಿಸಿಕೊಂಡ ಭಾಷೆಯ ಮಹಾಕವಿಗೆ ಸರಿಸಮವಾಗಿ ನಿಂತು ಉತ್ತರ ಕೊಡುವ ಧೈರ್ಯ, ತಲೆ ತಗ್ಗಿಸಿ ಕಲಿತವರಿಗೇ ಬರುವುದು.

ಆ ನಂತರ ನಮ್ಮ ರಾಜ್ಯಕ್ಕೂ ಅವರು ಬಂದರು. 1929ರ ಜನವರಿಯಲ್ಲಿ ಮದರಾಸಿನಲ್ಲಿ ಇಸ್ಲಾಮೀ ಚಿಂತನೆಯ ಬಗ್ಗೆ ಉಪನ್ಯಾಸ ಕೊಟ್ಟು, ಅಲ್ಲಿಂದ ಬೆಂಗಳೂರು, ಮೈಸೂರು. ಪೂರ್ವ ಪಶ್ಚಿಮದ ತತ್ವಜ್ಞಾನ ಎರಡನ್ನೂ ಅರಗಿಸಿಕೊಂಡು ಕೊಟ್ಟ ಆ ಉಪನ್ಯಾಸಗಳು ಆಮೇಲೆ ಪುಸ್ತಕವಾಗಿ ಜಗತ್ತಿನಾದ್ಯಂತ ಓದಿಸಿಕೊಂಡವು. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗಿ ಗುಂಬಝ್‌ನಲ್ಲಿ ಟಿಪ್ಪು ಸುಲ್ತಾನರ ಖಬರ್ ಮುಂದೆ ನಿಂತರು. ಶ್ರೀರಂಗಪಟ್ಟಣ ಅಂದರೆ ಕಾವೇರಿಯ ನಡುಗಡ್ಡೆ, ಹೊಳೆ ದಾಟದೆ ಒಳಗೆ ಹೋಗುವ ಹಾಗಿಲ್ಲ. ಮೂರು ವರ್ಷದ ನಂತರ ಬಂದ ಅವರ ಜಾವೀದ್ ನಾಮಾದಲ್ಲಿ ಟಿಪ್ಪು ಸುಲ್ತಾನ್ ಕಾವೇರಿ ನದಿಗೇ ಸಂದೇಶ ಕಳಿಸುವ ಭಾಗ ಉಂಟು. ರಾವಿ, ನೆಕ್ಕರ್ ಜತೆಗೆ ನಮ್ಮ ಕಾವೇರಿಯೂ ಹೀಗೆ ಇಕ್ಬಾಲರ ಕವಿತೆಯೊಳಗೆ ಹರಿಯಿತು. ಆಮೇಲೆ ಸ್ಪೇನಿನ ಕುರ್ತುಬಾ ಮಸೀದಿಯ ಮೇಲೆ ಬರೆದ ಮಹಾಕವಿತೆಯ ಕೊನೆಗೂ ಒಂದು ಹೊಳೆಯ ದಡವೇ ಬರ್ತದೆ.

ಸ್ಪೇನಿಗೆ ಹೋಗಿದ್ದು 1933ರ ಜನವರಿಯಲ್ಲಿ. ದುಂಡುಮೇಜಿನ ಪರಿಷತ್ತಿಗೆಂದು 1931ರಲ್ಲೂ 1932ರಲ್ಲೂ ಲಂಡನ್ನಿಗೆ ಬಂದಿದ್ದರು. ಎಮ್ಮಾ ಜತೆ ಕಾಗದದ ಸಂಪರ್ಕ ಮತ್ತೆ ಕುದುರಿತ್ತು. ಹೈಡೆಲ್‌ಬರ್ಗಿಗೆ ಬರ್ತೇನೆ ಅಂತ ಆಸೆ ಇಟ್ಟುಕೊಂಡಿದ್ದರು. ಮೊದಲ ಸಲ ರೋಮ್, ಜೆರುಸಲೇಮ್ ಕಡೆ ಹೋಗಬೇಕಾಯ್ತು, ಎರಡನೇ ಸಲ ಪ್ಯಾರಿಸ್, ಸ್ಪೇನ್. ರೈಲಿನಲ್ಲಿ ಒಂದು ದಿನದ ದಾರಿ, ಆದರೂ ಆಗಲಿಲ್ಲ. 1907ರ ಬಳಿಕ ಆ ಇಬ್ಬರು ಮತ್ತೆ ಭೇಟಿಯಾಗಲೇ ಇಲ್ಲ.

ಮಕ್ಕಳ ತಾಯಿ ಸರ್ದಾರ್ ಬೇಗಂ 1935ರಲ್ಲಿ ತೀರಿಕೊಂಡರು. ಇಕ್ಬಾಲರ ಆರೋಗ್ಯವೂ ಕೆಟ್ಟಿತ್ತು, ಗಂಟಲು ಹೋಗಿ ಮಾತೇ ಪಿಸುಮಾತಾಗಿತ್ತು. ಜಾವೀದ್, ಮುನೀರಾರನ್ನು ನೋಡಿಕೊಳ್ಳಲು 1937ರಲ್ಲಿ ಅಲಿಗಢದಿಂದ ಒಬ್ಬ ಜರ್ಮನ್ ಮಹಿಳೆ ಬಂದರು, ಡೋರಿಸ್ ಅಹ್ಮದ್. ಹಾಗೆ ಕೊನೆಯ ವರ್ಷದಲ್ಲಿ ಲಾಹೋರಿನ ಆ ಮನೆಯೊಳಗೆ ಮತ್ತೆ ಜರ್ಮನ್ ಮಾತು ಬಂತು. 1938ರ ಏಪ್ರಿಲ್ 20ರ ಸಂಜೆ ಒಬ್ಬ ಜರ್ಮನ್ ಅತಿಥಿ, ಬ್ಯಾರನ್ ಫಾನ್ ವೆಲ್ಟ್‌ಹೈಮ್, ನೋಡಲು ಬಂದಿದ್ದರು. ಹಾಸಿಗೆ ಹಿಡಿದಿದ್ದರೂ ಇಕ್ಬಾಲ್ ಅವರ ಜತೆ ಕೂತು ಮಾತಾಡಿದರು. ಮರುದಿನ ನಸುಕಿಗೆ ಅವರು ಅಲ್ಲಾಹನ ಕರೆಗೆ ಓಗೊಟ್ಟರು. ಬಾದ್‌ಶಾಹಿ ಮಸೀದಿಯ ಪಕ್ಕದಲ್ಲಿ ದಫನ ಮಾಡಲಾಯ್ತು.

ಎಮ್ಮಾ ವೇಗೆನಾಸ್ಟ್ ಮದುವೆಯಾಗಲಿಲ್ಲ. ಇನ್ನೊಂದು ಮಹಾಯುದ್ಧವನ್ನೂ ದಾಟಿ ಅವರು ಬದುಕಿದ್ದರು, ಆ ಕಾಗದಗಳನ್ನೂ ಕಾಪಾಡಿಕೊಂಡರು. 1964ರಲ್ಲಿ ಸಾಯುವುದಕ್ಕೆ ಮೊದಲು ಅವನ್ನು ಜೋಪಾನ ಮಾಡುವವರ ಕೈಗೆ ಒಪ್ಪಿಸಿದರು. ಹಾಗಾಗಿ ನಾವು ಇವತ್ತು ಇಷ್ಟಾದರೂ ಹೇಳಬಹುದು. ಹೈಡೆಲ್‌ಬರ್ಗಿನಲ್ಲಿ ಅವರು ಇದ್ದ ಮನೆಯ ಗೋಡೆಯ ಮೇಲೆ ಒಂದು ಫಲಕ ಉಂಟು. ನೆಕ್ಕರ್ ದಡದ ಒಂದು ರಸ್ತೆಗೆ ಇಕ್ಬಾಲ್ ದಂಡೆ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಹತ್ತಿರದಲ್ಲೇ ಏಕ್ ಶಾಮ್ ಪದ್ಯವನ್ನು ಜರ್ಮನ್ ಭಾಷೆಯಲ್ಲಿ ಬರೆದು ನಿಲ್ಲಿಸಿದ್ದಾರೆ, ಹೊಳೆಗೆ ಮುಖ ಮಾಡಿ.